ಗೆರೆಯ ಮೇಲೆ ತೂರಾಡುವ ಗಾಡಿ

ನೆಲದ ಮೇಲೆ ಬಿಳಿಯ ಹಾಳೆಯೊಂದನ್ನು ಹಾಸಿ, ಅದರ ಮೇಲೆ ಕಪ್ಪು ಟೇಪಿನಿಂದ ಅಂಕುಡೊಂಕಾದ ದಾರಿಯನ್ನು ಅಂಟಿಸಿ, ಅಂಗೈಯಗಲದ ಎರಡು ಚಕ್ರದ ಗಾಡಿಯನ್ನು ಅದರ ಮೇಲಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಗೆರೆ ಹಿಡಿದು ಸಾಗುವ ನೋಟ ಶಾಲೆಗಳ ವಿಜ್ಞಾನ ಮೇಳಗಳಲ್ಲಿ ಈಗ ಸಾಮಾನ್ಯವಾಗಿದೆ. ನೋಡಿದವರೆಲ್ಲ ಇನ್ನೊಂದು ಸಂಗತಿಯನ್ನೂ ಅರೆಬರೆಯಾಗಿ ಗಮನಿಸಿರುತ್ತಾರೆ: ಗೆರೆ ನೇರವಾಗಿದ್ದ ಕಡೆಯಲ್ಲೂ ಗಾಡಿ ನೇರವಾಗಿ ಹೋಗುವುದಿಲ್ಲ; ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಹಾಕುತ್ತ, ನಡೆಯಲು ಕಲಿಯುವ ಮಗುವಿನಂತೆ ತೂರಾಡುತ್ತಲೇ ಮುಂದುವರಿಯುತ್ತದೆ. ಚಕ್ರ ಸಡಿಲವಾಗಿರಬೇಕು, ಮೋಟಾರು ಕೆಟ್ಟಿರಬೇಕು ಎಂಬ ಊಹೆ ಮೊದಲು ಬರುತ್ತದೆ. ಆದರೆ ಚಕ್ರ ಬಿಗಿಮಾಡಿ ಹೊಸ ಮೋಟಾರು ಹಾಕಿದರೂ ತೂರಾಟ ನಿಲ್ಲುವುದಿಲ್ಲ. ಹೊಸ ಬ್ಯಾಟರಿ ಹಾಕಿದಾಗಲಂತೂ ಅದು ಹೆಚ್ಚುವುದೇ ರೂಢಿ. ಎಲ್ಲ ಭಾಗಗಳೂ ಸರಿಯಾಗಿರುವಾಗ ಒಟ್ಟು ಯಂತ್ರ ಮಾತ್ರ ತಪ್ಪು ಹೆಜ್ಜೆ ಇಡುವುದು ಹೇಗೆ ಎಂಬುದು ಈ ಅಧ್ಯಾಯದ ಪ್ರಶ್ನೆ.

ಬೇಸಿಗೆ ರಜೆಯ ಕಂಪ್ಯೂಟರ್ ಮತ್ತು ರೋಬೊಟಿಕ್ಸ್ ಶಿಬಿರಗಳಿಗೆ ಹೋಗುವ ಮಕ್ಕಳು ಮೊದಲ ವಾರದಲ್ಲೇ ಎದುರಿಸುವ ಪ್ರಶ್ನೆಯೂ ಇದೇ. ನೀತಿ ಆಯೋಗದಡಿ 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಷನ್ ಮಿಷನ್, 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ನೆರವು ನೀಡಿ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಸತೊಡಗಿದ ಮೇಲೆ, ಹಿಂದೆ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲೇರಿದವರಿಗಷ್ಟೇ ದಕ್ಕುತ್ತಿದ್ದ ಬಿಡಿಭಾಗಗಳು ಹೈಸ್ಕೂಲಿನ ಮಕ್ಕಳ ಕೈಗೂ ಬಂದಿವೆ. ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಬೆಳಗಿನ ಬಸ್ಸು ಹಿಡಿದು ಹಾಸನದ ಅಂಥ ಶಿಬಿರವೊಂದಕ್ಕೆ ಬರುವ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಂಡು, ಅವಳ ಮೇಜಿನ ಮೇಲಿರುವ ಗಾಡಿಯನ್ನು ಬಿಡಿಬಿಡಿಯಾಗಿ ನೋಡುವುದು ಅನುಕೂಲ.

ಗಾಡಿಗೆ ಕಾಣುವುದೆಷ್ಟು

ಗಾಡಿಗೆ ದಾರಿ ಕಾಣುವುದಿಲ್ಲ. ನೋಡುವವರು ಮೇಲಿನಿಂದ ಇಡೀ ಗೆರೆಯನ್ನು, ಅದರ ತಿರುವುಗಳನ್ನು, ಅದು ಬಂದು ಸೇರುವ ಕೊನೆಯನ್ನು ಒಂದೇ ನೋಟಕ್ಕೆ ಕಾಣುತ್ತಾರಾದ್ದರಿಂದ ಗಾಡಿಯೂ ಹಾಗೆಯೇ ಕಾಣುತ್ತದೆಂದು ಭಾವಿಸುವುದು ಸಹಜ. ಅದಕ್ಕಿರುವುದು ಹೊಟ್ಟೆಯ ಕೆಳಗೆ, ನೆಲದಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಿದ ಎರಡು ಅರಿಗಣ್ಣುಗಳು ಮಾತ್ರ. ಇವುಗಳಿಗೆ ಸೆನ್ಸರ್ ಎಂಬುದು ಅಂಗಡಿಯ ಹೆಸರು. ಪ್ರತಿಯೊಂದು ಅರಿಗಣ್ಣಿನಲ್ಲೂ ಒಂದು ದೀಪ, ಪಕ್ಕದಲ್ಲಿ ಬೆಳಕನ್ನು ಅಳೆಯುವ ಒಂದು ಬಿಂದು. ದೀಪ ಹೊಮ್ಮಿಸುವುದು ಅವಕೆಂಪು ಬೆಳಕು, ಅಂದರೆ ಕೆಂಪಿಗಿಂತ ಆಚೆಗಿರುವ, ಮನುಷ್ಯರ ಕಣ್ಣಿಗೆ ಗೋಚರಿಸದ ಬೆಳಕು. ಟಿವಿಯ ರಿಮೋಟಿನ ತುದಿಯಲ್ಲಿರುವುದೂ ಇದೇ. ಇದು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮೊಬೈಲ್ ಕ್ಯಾಮೆರಾ ಹಿಡಿದು ನೋಡಬೇಕು: ಬರಿಗಣ್ಣಿಗೆ ಆರಿದಂತಿರುವ ದೀಪ ಅನೇಕ ಫೋನುಗಳ ಪರದೆಯ ಮೇಲೆ ನಸುನೇರಳೆಯಾಗಿ ಮಿನುಗುತ್ತದೆ. ಬಿಳಿಯ ಹಾಳೆ ಈ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಟೇಪು ಬಹುಪಾಲನ್ನು ನುಂಗಿಬಿಡುತ್ತದೆ. ಮರಳಿದ ಬೆಳಕು ಎಷ್ಟೆಂಬುದೇ ಗಾಡಿಗೆ ಸಿಗುವ ಸಮಸ್ತ ಲೋಕಜ್ಞಾನ.

ಈ ಬೆಳಕಿನ ಪ್ರಮಾಣವನ್ನು ಗಾಡಿಯ ಬೆನ್ನ ಮೇಲಿರುವ ಪುಟ್ಟ ಗಣಕ ಅಂಕಿಯಾಗಿ ಓದಿಕೊಳ್ಳುತ್ತದೆ. ಶಿಬಿರಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಆರ್ಡುಯಿನೊ ಎಂಬ ಫಲಕ. ಇಟಲಿಯ ಇವ್ರಿಯಾ ಪಟ್ಟಣದಲ್ಲಿ ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ 2005ರಲ್ಲಿ ರೂಪುಗೊಂಡ ಇದರ ಉನೊ ಮಾದರಿ, ಮರಳಿದ ಬೆಳಕಿಗೆ 0ಯಿಂದ 1023ರವರೆಗಿನ ಒಂದು ಅಂಕಿಯನ್ನು ಕೊಡುತ್ತದೆ. ಎರಡು ಅರಿಗಣ್ಣುಗಳನ್ನು ಗೆರೆಯ ಎರಡು ಅಂಚುಗಳಿಗೆ ಹೊಂದಿಸಿ ಇಟ್ಟರೆ, ಗಾಡಿ ನಡುವೆ ಇರುವಾಗ ಎರಡೂ ಅಂಕಿಗಳು ಸಮವಾಗಿರುತ್ತವೆ. ಗಾಡಿ ಬಲಕ್ಕೆ ಸರಿದರೆ ಬಲಗಣ್ಣು ಬಿಳಿಯನ್ನೂ ಎಡಗಣ್ಣು ಕಪ್ಪನ್ನೂ ಹೆಚ್ಚಾಗಿ ಕಾಣುವುದರಿಂದ ಅಂಕಿಗಳ ನಡುವೆ ಅಂತರ ಹುಟ್ಟುತ್ತದೆ. ನಡುದಾರಿಯಿಂದ ಎಷ್ಟು ಸರಿದಿದೆ ಎಂಬುದನ್ನು ಹೇಳುವ ಈ ಅಂತರವನ್ನು ಇಲ್ಲಿ ಓಸರಿಕೆ ಎಂದು ಕರೆಯಬಹುದು. ಎಂಜಿನಿಯರುಗಳು ಇದಕ್ಕೆ ಎರರ್, ಅಂದರೆ ತಪ್ಪು ಎನ್ನುತ್ತಾರಾದರೂ ಓಸರಿಕೆ ಎಂಬ ಮಾತೇ ವಾಸಿ, ಏಕೆಂದರೆ ಇದರಲ್ಲಿ ಯಾರ ತಪ್ಪೂ ಇಲ್ಲ; ಓಸರಿಸುವುದು ಚಲಿಸುವ ವಸ್ತುವಿನ ಸ್ವಭಾವ.

ನೀರುಗಂಟಿಯ ಕೆಲಸ

ಓಸರಿಕೆಯನ್ನು ಅಳೆದು, ಅದು ಕಡಿಮೆಯಾಗುವ ದಿಕ್ಕಿಗೆ ಚಕ್ರಗಳನ್ನು ತಿರುಗಿಸಿ, ಫಲವೇನಾಯಿತೆಂದು ಮತ್ತೆ ಅಳೆದು, ಮತ್ತೆ ತಿದ್ದುವ ಈ ಸುತ್ತಿಗೆ ಹಿಮ್ಮಾಹಿತಿ ಎಂದು ಹೆಸರು. ಇಂಗ್ಲಿಷಿನ ಫೀಡ್‌ಬ್ಯಾಕ್ ಎಂಬುದು ಇದೇ. ಚನ್ನರಾಯಪಟ್ಟಣದ ಕಡೆಯ ಕೆರೆಗಳನ್ನು ಬಲ್ಲವರಿಗೆ ಇದು ಹೊಸ ವಿಚಾರವಲ್ಲ. ಕೆರೆಯ ತೂಬನ್ನು ಎತ್ತಿ ಇಳಿಸಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮಾಡುತ್ತಿದ್ದುದು ಇದನ್ನೇ: ತೂಬು ಇಷ್ಟು ಎತ್ತಬೇಕೆಂದು ಬರೆದಿಟ್ಟ ಪಟ್ಟಿಯೊಂದನ್ನು ನಂಬಿ ಅವನು ಮನೆಗೆ ಹೋಗುವುದಿಲ್ಲ, ಬದುವಿನ ಮೇಲೆ ನಡೆದು ಹೋಗಿ ಕೊನೆಯ ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ ಎಂದು ಕಂಡು, ಮರಳಿ ಬಂದು ತೂಬನ್ನು ಬೆರಳಷ್ಟು ತಗ್ಗಿಸುತ್ತಾನೆ ಅಥವಾ ಏರಿಸುತ್ತಾನೆ. ಅವನ ನಡಿಗೆ ಇಲ್ಲದಿದ್ದರೆ ತೂಬು ಬರಿಯ ಕಲ್ಲು.

ಶಿಬಿರದ ಮೊದಲ ದಿನಗಳಲ್ಲಿ ಬಹುತೇಕ ಮಕ್ಕಳು ಬರೆಯುವ ಕ್ರಮವಿಧಿ, ಅಂದರೆ ಪ್ರೋಗ್ರಾಮು, ನೀರುಗಂಟಿಯಿಲ್ಲದ ತೂಬಿನಂಥದ್ದು. ಎರಡು ಸೆಕೆಂಡು ಮುಂದೆ ಹೋಗು, ಅರ್ಧ ಸೆಕೆಂಡು ಎಡಕ್ಕೆ ತಿರುಗು, ಮತ್ತೆ ಮೂರು ಸೆಕೆಂಡು ಮುಂದೆ ಹೋಗು ಎಂದು ದಾರಿಯನ್ನೇ ಬಾಯಿಪಾಠ ಮಾಡಿಸಿದರೆ ಗಾಡಿ ಒಮ್ಮೆ ಸರಿಯಾಗಿ ಹೋದೀತು. ಆದರೆ ನೆಲದ ಮೇಲಿನ ಒಂದು ಹರಳು, ಕೊಂಚ ಇಳಿದ ಬ್ಯಾಟರಿ, ಒಂದು ಚಕ್ರಕ್ಕೆ ಸುತ್ತಿಕೊಂಡ ತಲೆಗೂದಲು ಇಷ್ಟೇ ಸಾಕು, ಮೊದಲ ತಿರುವಿನಲ್ಲಿ ಹುಟ್ಟಿದ ಸಣ್ಣ ಓಸರಿಕೆ ಎರಡನೆಯದರಲ್ಲಿ ಬೆಳೆದು, ಮೂರನೆಯದರ ಹೊತ್ತಿಗೆ ಗಾಡಿ ಮೇಜಿನ ಕಾಲಿಗೆ ಮುಖ ಕೊಟ್ಟು ನಿಂತಿರುತ್ತದೆ. ದಾರಿಯನ್ನು ಬಾಯಿಪಾಠ ಮಾಡಿದ ಗಾಡಿಗೆ ತಾನು ತಪ್ಪಿದ್ದೇನೆಂದು ತಿಳಿಯುವ ಬಗೆಯೇ ಇಲ್ಲ. ದಾರಿ ಗೊತ್ತಿಲ್ಲದೆ ಓಸರಿಕೆಯನ್ನಷ್ಟೇ ಬಲ್ಲ ಗಾಡಿ ಯಾವ ದಾರಿಯಲ್ಲಾದರೂ ಸಾಗಬಲ್ಲದು.

ತಡವೇ ತೂರಾಟ

ಹಾಗಾದರೆ ಅಳೆದು ತಿದ್ದುವ ಗಾಡಿಯೂ ತೂರಾಡುವುದೇಕೆ? ಇದಕ್ಕೆ ಉತ್ತರ ಅಳತೆಗೂ ತಿದ್ದುಪಡಿಗೂ ನಡುವೆ ಸೋರಿಹೋಗುವ ಹೊತ್ತಿನಲ್ಲಿದೆ.

ಶಿಬಿರದ ಗಾಡಿಯ ಚಕ್ರ ಸಾಮಾನ್ಯವಾಗಿ 65 ಮಿಲಿಮೀಟರ್ ಅಡ್ಡಳತೆಯದು. ಒಂದು ಸುತ್ತಿಗೆ ಅದು ನೆಲದ ಮೇಲೆ ಸುಮಾರು 20 ಸೆಂಟಿಮೀಟರ್ ಸಾಗುತ್ತದೆ. ನಿಮಿಷಕ್ಕೆ 150 ಸುತ್ತು ತಿರುಗುವ ಮೋಟಾರನ್ನು ಜೋಡಿಸಿದ್ದರೆ ಗಾಡಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್. ಈಗ ವಿದ್ಯಾರ್ಥಿನಿ ತನ್ನ ಕ್ರಮವಿಧಿಯಲ್ಲಿ, ಪರದೆಯ ಮೇಲೆ ಓಡುವ ಅಂಕಿಗಳನ್ನು ನಿಧಾನವಾಗಿ ಓದಲು ಅನುಕೂಲವಾಗಲೆಂದು, ಪ್ರತಿ ಸುತ್ತಿನ ಕೊನೆಗೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಯುವ ಆಜ್ಞೆಯೊಂದನ್ನು ಬರೆದಿದ್ದಾಳೆ ಎನ್ನೋಣ. ಕಣ್ಣು ಮಿಟುಕಿಸುವುದಕ್ಕಿಂತ ಹೆಚ್ಚಿನ ಹೊತ್ತೇನೂ ಅಲ್ಲ. ಆದರೆ ಅಷ್ಟರೊಳಗೆ ಗಾಡಿ 5 ಸೆಂಟಿಮೀಟರ್ ಸಾಗಿರುತ್ತದೆ, ಕಪ್ಪು ಟೇಪಿನ ಅಗಲವೋ 2 ಸೆಂಟಿಮೀಟರಿಗೂ ಕಡಿಮೆ. ಅಂದರೆ ಗಾಡಿ ಗೆರೆಯ ಅಗಲದ ಎರಡೂವರೆ ಪಟ್ಟಿಗೂ ಹೆಚ್ಚು ದೂರವನ್ನು ಕಣ್ಣು ಮುಚ್ಚಿಕೊಂಡು ಕ್ರಮಿಸಿ, ಅನಂತರ ಕಣ್ಣು ತೆರೆದು, ಆಗಲೇ ಹಳೆಯದಾದ ಸುದ್ದಿಗೆ ಉತ್ತರ ಕೊಡುತ್ತಿರುತ್ತದೆ. ಬಲಕ್ಕೆ ಸರಿದದ್ದು ತಿಳಿದು ಎಡಕ್ಕೆ ತಿರುಗುತ್ತದೆ. ನಡುವಿಗೆ ಬಂದಾಗ ಅದಕ್ಕೆ ಅದು ಗೊತ್ತಾಗದೆ ಎಡಕ್ಕೇ ತಿರುಗುತ್ತಿರುತ್ತದೆ. ಗೊತ್ತಾಗುವ ಹೊತ್ತಿಗೆ ಎಡದ ಅಂಚನ್ನು ದಾಟಿರುತ್ತದೆ. ಈಗ ಬಲಕ್ಕೆ ತಿರುಗಬೇಕು. ತೂರಾಟವೆಂದರೆ ಇಷ್ಟೇ. ಹೊಸ ಬ್ಯಾಟರಿಯಿಂದ ಅದು ಹೆಚ್ಚುವುದೂ ಇದೇ ಕಾರಣಕ್ಕೆ, ವೇಗ ಹೆಚ್ಚಿದಷ್ಟೂ ಅದೇ ತಡದೊಳಗೆ ಗಾಡಿ ಹೆಚ್ಚು ದೂರ ಕುರುಡಾಗಿ ಓಡುತ್ತದೆ. ಕಾಯುವ ಆಜ್ಞೆಯನ್ನು ಅಳಿಸಿ ಹಾಕಿ, ಒಂದು ಸುತ್ತು ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ ಮುಗಿಯುವಂತೆ ಮಾಡಿದರೆ, ಎರಡು ನೋಟಗಳ ನಡುವೆ ಗಾಡಿ ಸಾಗುವುದು ಎರಡೂವರೆ ಮಿಲಿಮೀಟರ್ ಮಾತ್ರ. ಸಾಲು ಅಳಿಸಿದ ಮೇಲೆ ಗಾಡಿ ದಿಢೀರನೆ ಸೌಮ್ಯವಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ ತಡ ಎಂದರೇನೆಂದು ಮತ್ತೆ ಹೇಳಿಕೊಡಬೇಕಾಗುವುದಿಲ್ಲ. ಕೊನೆಯ ದಿನದ ಪ್ರದರ್ಶನ ಚೆನ್ನಾಗಿ ಕಾಣಲೆಂದು ಸಿದ್ಧ ಕ್ರಮವಿಧಿಯನ್ನು ಎಲ್ಲ ಗಾಡಿಗಳಿಗೂ ಒಂದೇ ಸಲಕ್ಕೆ ತುಂಬಿಸಿಬಿಡುವ ಶಿಬಿರಗಳು ಈ ಒಂದು ಗಳಿಗೆಯನ್ನೇ ಮಕ್ಕಳಿಂದ ಕಸಿದುಕೊಳ್ಳುತ್ತವೆ; ಅದು ನಿಜವಾದ ನಷ್ಟ.

ತಡವನ್ನು ಪೂರ್ತಿ ಅಳಿಸಲು ಬರುವುದಿಲ್ಲ ಎಂಬುದು ಇದರ ಮುಂದಿನ ತೊಡಕು. ಗಣಕ ಎಷ್ಟೇ ಚುರುಕಾಗಿ ಆಜ್ಞೆ ಕೊಟ್ಟರೂ ಮೋಟಾರು ವೇಗ ಹಿಡಿಯಲು, ಬಿಡಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ, ತೂಕವಿರುವ ಗಾಡಿ ತಿರುಗುತ್ತಿದ್ದುದನ್ನು ಒಮ್ಮೆಲೇ ನಿಲ್ಲಿಸುವುದಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವವರು ಬ್ಯಾರನ್ ಮನೆಗಳಲ್ಲಿ ಸೊಪ್ಪು ಹದ ಮಾಡುವಾಗ ಎದುರಿಸುವುದು ಇಂಥದೇ ತಡವನ್ನು. ಒಲೆಗೆ ಹಾಕಿದ ಸೌದೆ ಹೊತ್ತಿಕೊಂಡು, ಅದರ ಶಾಖ ಕೊಳವೆಗಳಲ್ಲಿ ಹರಿದು, ಗಾಳಿಗೆ ಹರಡಿ, ಸೊಪ್ಪಿನ ನಡುವೆ ತೂಗುವ ಉಷ್ಣಮಾಪಕಕ್ಕೆ ತಲುಪುವವರೆಗೆ ಗಣನೀಯ ಸಮಯ ಹಿಡಿಯುತ್ತದೆ. ಹೊಸಬರು ಅಂಕಿ ಏರಲಿಲ್ಲವೆಂದು ಮೇಲಿಂದ ಮೇಲೆ ಸೌದೆ ತುರುಕಿದರೆ, ತುರುಕಿದ್ದೆಲ್ಲದರ ಶಾಖ ಒಟ್ಟಿಗೆ ಬಂದು ಸೊಪ್ಪು ಬೆಂದುಹೋಗುತ್ತದೆ. ಪಳಗಿದವರು ಅಂಕಿಯನ್ನು ನೋಡುವುದರ ಜೊತೆಗೆ ಅದು ಏರುತ್ತಿರುವ ಬಿರುಸನ್ನೂ ನೋಡುತ್ತಾರೆ, ಬೇಕಾದ ಮಟ್ಟ ಮುಟ್ಟುವ ಮೊದಲೇ ಕೈ ಹಿಂದೆಗೆಯುತ್ತಾರೆ.

ಮೂರು ಬಗೆಯ ತಿದ್ದುಪಡಿ

ಈ ಪಳಗಿದ ಕೈಯ ಗುಟ್ಟನ್ನು ಮೊದಲು ಗಣಿತಕ್ಕೆ ತಂದವರಲ್ಲಿ ಮುಖ್ಯನಾದವನು ರಷ್ಯದಿಂದ ಅಮೆರಿಕಕ್ಕೆ ವಲಸೆ ಹೋದ ನಿಕೊಲಾಸ್ ಮಿನೋರ್ಸ್ಕಿ. ಹಡಗನ್ನು ತಾನಾಗಿಯೇ ನಡೆಸುವ ಯಂತ್ರದ ಬಗ್ಗೆ 1922ರಲ್ಲಿ ಪ್ರಬಂಧ ಪ್ರಕಟಿಸಿದ ಆತ, ಅನುಭವಿ ನಾವಿಕರು ಚುಕ್ಕಾಣಿ ತಿರುಗಿಸುವಾಗ ಏನೇನನ್ನು ಗಮನಿಸುತ್ತಾರೆ ಎಂಬುದನ್ನೇ ಲೆಕ್ಕದ ಆಧಾರವಾಗಿ ತೆಗೆದುಕೊಂಡ. ಇಂದು ಕಾರ್ಖಾನೆಗಳಿಂದ ಡ್ರೋನುಗಳವರೆಗೆ ಬಳಕೆಯಲ್ಲಿರುವ, ಶಿಬಿರಗಳಲ್ಲಿ ಪಿಐಡಿ ಎಂಬ ಮೂರಕ್ಷರದ ಹೆಸರಿನಿಂದ ಮಕ್ಕಳನ್ನು ಹೆದರಿಸುವ ವಿಧಾನದ ಬೇರು ಅಲ್ಲಿದೆ. ಹೆಸರನ್ನು ಬದಿಗಿಟ್ಟರೆ ಅದರೊಳಗೆ ಇರುವುದು ಮೂರು ಸರಳ ಮಾತುಗಳು.

ಮೊದಲನೆಯದು ಅಳತೆಗೆ ತಕ್ಕ ತಿದ್ದುಪಡಿ: ಓಸರಿಕೆ ಕಡಿಮೆಯಿದ್ದರೆ ಮೆಲ್ಲಗೆ, ಹೆಚ್ಚಿದ್ದರೆ ಜೋರಾಗಿ ತಿರುಗಿಸುವುದು. ಅಗ್ಗದ ಅರಿಗಣ್ಣುಗಳಲ್ಲಿ ಕೆಲವು ಕಪ್ಪೋ ಬಿಳಿಯೋ ಎಂದಷ್ಟೇ ಹೇಳಬಲ್ಲವು. ಅಂಥವನ್ನು ಜೋಡಿಸಿದ ಗಾಡಿಗೆ ಓಸರಿಕೆ ಇದೆಯೆಂದು ತಿಳಿಯುತ್ತದೆಯೇ ಹೊರತು ಎಷ್ಟೆಂದು ತಿಳಿಯುವುದಿಲ್ಲ, ಹಾಗಾಗಿ ಅದು ಸಣ್ಣ ತಪ್ಪಿಗೂ ದೊಡ್ಡ ತಪ್ಪಿಗೂ ಒಂದೇ ಪೆಟ್ಟು ಕೊಡುತ್ತದೆ. ಎರಡನೆಯದು ಮುಂಗಾಣ್ಕೆಯ ತಿದ್ದುಪಡಿ, ಬ್ಯಾರನ್ನಿನ ಮುಂದೆ ಕೂತವರ ವಿದ್ಯೆ ಇದು: ಓಸರಿಕೆ ಬಿರುಸಾಗಿ ಕಡಿಮೆಯಾಗುತ್ತಿದೆಯೆಂದರೆ ನಡುಗೆರೆ ಹತ್ತಿರ ಬಂತೆಂದು ತಿಳಿದು ಮೊದಲೇ ತಿರುವನ್ನು ಸಡಿಲಿಸುವುದು. ತೂರಾಟಕ್ಕೆ ಮದ್ದು ಇದೇ. ಮೂರನೆಯದನ್ನು ಬಾಕಿಯ ತಿದ್ದುಪಡಿ ಎನ್ನಬಹುದು. ಶಿಬಿರದ ಹಳದಿ ಡಬ್ಬಿಯ ಅಗ್ಗದ ಮೋಟಾರುಗಳಲ್ಲಿ ಎರಡು ಒಂದೇ ಸಮನಾಗಿ ತಿರುಗುವುದು ಅಪರೂಪ. ಒಂದು ಕೊಂಚ ಸೋಮಾರಿಯಾಗಿದ್ದರೆ ಗಾಡಿ ಸದಾ ಅದೇ ಬದಿಗೆ ಒಂದು ಕೂದಲೆಳೆಯಷ್ಟು ಸರಿದುಕೊಂಡೇ ಓಡುತ್ತದೆ. ಆ ಕ್ಷಣದ ಓಸರಿಕೆ ತೀರ ಸಣ್ಣದಾದ್ದರಿಂದ ಅಳತೆಗೆ ತಕ್ಕ ತಿದ್ದುಪಡಿಗೆ ಅದನ್ನು ಪೂರ್ತಿ ಅಳಿಸುವ ಬಲ ಸಾಲುವುದಿಲ್ಲ. ಆದರೆ ಕಿರಾಣಿ ಅಂಗಡಿಯ ಬಾಕಿ ಲೆಕ್ಕದಂತೆ ಪ್ರತಿ ಸುತ್ತಿನ ಚಿಲ್ಲರೆ ಓಸರಿಕೆಯನ್ನು ಕೂಡಿಸುತ್ತ ಹೋದರೆ ಮೊತ್ತ ಬೆಳೆದು, ಸೋಮಾರಿ ಮೋಟಾರಿಗೆ ಬೇಕಾದ ಹೆಚ್ಚುವರಿ ವಿದ್ಯುತ್ತನ್ನು ಅದೇ ಒದಗಿಸುತ್ತದೆ.

ಈ ಮೂರರಲ್ಲಿ ಪ್ರತಿಯೊಂದೂ ಎಷ್ಟಿರಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ, ಏಕೆಂದರೆ ಅದು ಆ ಗಾಡಿಯ ತೂಕ, ಆ ಚಕ್ರದ ಹಿಡಿತ, ಆ ನೆಲದ ನುಣುಪನ್ನು ಅವಲಂಬಿಸಿದೆ. ವಿದ್ಯಾರ್ಥಿನಿ ಅಂಕಿ ಬದಲಿಸಿ, ಗಾಡಿ ಬಿಟ್ಟು, ನೋಡಿ, ಮತ್ತೆ ಅಂಕಿ ಬದಲಿಸುತ್ತಾಳೆ. ಮಧ್ಯಾಹ್ನದ ಊಟದ ಡಬ್ಬಿ ತೆರೆಯುವುದನ್ನೂ ಮರೆತು ಇದನ್ನು ನಲವತ್ತು ಸಲವಾದರೂ ಮಾಡುತ್ತಾಳೆ. ಗಾಡಿ ಗೆರೆಗೆ ಮಾಡುತ್ತಿರುವುದನ್ನೇ ಅವಳು ಗಾಡಿಗೆ ಮಾಡುತ್ತಿರುತ್ತಾಳೆ.

ಬಿಸಿಲು ಬಿದ್ದ ಮೇಜು

ಬೆಳಿಗ್ಗೆ ಹತ್ತಕ್ಕೆ ಅಚ್ಚುಕಟ್ಟಾಗಿ ಓಡಿದ ಗಾಡಿ ಮಧ್ಯಾಹ್ನ ಮೂರಕ್ಕೆ ಕಿಟಕಿಯ ಪಕ್ಕದಲ್ಲಿ ಗೆರೆ ತಪ್ಪತೊಡಗುವುದು ಏಪ್ರಿಲ್ ತಿಂಗಳ ಶಿಬಿರಗಳ ಇನ್ನೊಂದು ಖಾಯಂ ಅನುಭವ. ಕ್ರಮವಿಧಿಯ ಒಂದಕ್ಷರವೂ ಬದಲಾಗಿರುವುದಿಲ್ಲ. ಸೂರ್ಯನ ಬೆಳಕಿನಲ್ಲಿ ಅವಕೆಂಪು ಧಾರಾಳವಾಗಿದೆ. ಓರೆ ಬಿಸಿಲು ಹಾಳೆಯ ಮೇಲೆ ಬಿದ್ದಾಗ ಗಾಡಿಯ ಪುಟ್ಟ ದೀಪದ ಬೆಳಕು ಅದರಲ್ಲಿ ಮುಳುಗಿಹೋಗಿ, ಕಪ್ಪು ಟೇಪಿನ ಮೇಲೂ ಅರಿಗಣ್ಣು ಬಿಳಿಯೆಂದು ವರದಿ ಮಾಡುತ್ತದೆ. ತಿದ್ದುವ ಲೆಕ್ಕ ಎಷ್ಟೇ ನಯವಾಗಿದ್ದರೂ ಅಳತೆಯೇ ಸುಳ್ಳಾದರೆ ಗಾಡಿ ಅತ್ಯಂತ ಶ್ರದ್ಧೆಯಿಂದ ತಪ್ಪು ದಾರಿ ಹಿಡಿಯುತ್ತದೆ. ಅರಿಗಣ್ಣಿನ ಸುತ್ತ ಕಪ್ಪು ರಟ್ಟಿನ ಮರೆ ಅಂಟಿಸುವುದು ಇದಕ್ಕೆ ಸಾಕಾದೀತು.

ಇದನ್ನು ಮಕ್ಕಳಾಟದ ತೊಡಕೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ಹಾಸನದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಭಾರತದ ಮೊದಲ ಇನ್‌ಸ್ಯಾಟ್ ಉಪಗ್ರಹವಾದ ಇನ್‌ಸ್ಯಾಟ್-1ಎ 1982ರ ಏಪ್ರಿಲ್‌ನಲ್ಲಿ ಆಕಾಶಕ್ಕೇರಿತು. ಅದನ್ನು ನೋಡಿಕೊಳ್ಳಲೆಂದೇ ಅದೇ ವರ್ಷ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರಿನವರ ಬಾಯಲ್ಲಿ ಎಂಸಿಎಫ್, ಕೆಲಸ ಆರಂಭಿಸಿತು. ಉಪಗ್ರಹ ತನ್ನ ಮುಖವನ್ನು ಸದಾ ಭೂಮಿಯತ್ತ ಇಟ್ಟುಕೊಳ್ಳಲು ಭೂಮಿಯ ಬಿಂಬವನ್ನು ಗುರುತಿಸುವ ಅರಿಗಣ್ಣನ್ನು ನೆಚ್ಚಿಕೊಂಡಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಅರಿಗಣ್ಣಿನ ನೋಟದೊಳಕ್ಕೆ ಚಂದ್ರ ಬಂದ. ಉಪಗ್ರಹ ನಿಲುವು ತಪ್ಪಿತು, ನಿಲುವು ಸರಿಪಡಿಸುವ ಇಂಧನ ಬರಿದಾಯಿತು, ಏಳು ವರ್ಷ ದುಡಿಯಬೇಕಾಗಿದ್ದ ಅದನ್ನು ಐದು ತಿಂಗಳೊಳಗೆ ಕೈಬಿಡಬೇಕಾಯಿತು. ಮುಂದಿನ ವರ್ಷದ ಆಗಸ್ಟ್ 30ರಂದು ಚಾಲೆಂಜರ್ ಗಗನನೌಕೆಯಲ್ಲಿ ಹೊರಟ ಇನ್‌ಸ್ಯಾಟ್-1ಬಿ ದೇಶದ ಮೂಲೆಮೂಲೆಗೆ ದೂರದರ್ಶನವನ್ನು ಮುಟ್ಟಿಸಿತು.

ಸಾಲಗಾಮೆ ರಸ್ತೆಯ ದೊಡ್ಡ ಗಾಡಿಗಳು

ಸಾಲಗಾಮೆ ರಸ್ತೆಯಲ್ಲಿ ಸಾಗುವಾಗ ಕಾಣುವ ಎಂಸಿಎಫ್‌ನ ಬೃಹತ್ ಬೋಗುಣಿ ಆಂಟೆನಾಗಳು ಆಕಾಶದ ಒಂದೊಂದು ನಿಶ್ಚಿತ ಬಿಂದುವಿಗೆ ಮುಖ ಮಾಡಿರುತ್ತವೆ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಭೂಮಿಯೊಂದಿಗೆ ಸಮನಾಗಿ ಸುತ್ತುವುದರಿಂದ ಕೆಳಗಿನವರಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಾಣುತ್ತದೆ, ನಿಜ, ಆದರೆ ಅದು ತಾನಾಗಿ ನಿಲ್ಲುವುದಿಲ್ಲ. ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲದ ಕಾರಣ ಅಲ್ಲಿನ ಉಪಗ್ರಹಗಳೆಲ್ಲ, ಬಟ್ಟಲಿನ ಗೋಡೆಯ ಮೇಲಿಟ್ಟ ಗೋಲಿ ತಳಕ್ಕೆ ಜಾರುವಂತೆ, ಎರಡು ತಾಣಗಳತ್ತ ಮೆಲ್ಲನೆ ಜಾರುತ್ತವೆ. ಆ ತಾಣಗಳಲ್ಲಿ ಒಂದು ಪೂರ್ವ ರೇಖಾಂಶ ಸುಮಾರು 75 ಡಿಗ್ರಿಯಲ್ಲಿದೆ. ಹಾಸನದ ರೇಖಾಂಶವೇ 76 ಡಿಗ್ರಿ. ಅಂದರೆ ಆ ಬಟ್ಟಲಿನ ತಳ ಹೆಚ್ಚುಕಡಿಮೆ ಹಾಸನದ ನೇರ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ಮೇಲೆ ಬರುತ್ತದೆ. ಭಾರತದ ಉಪಗ್ರಹಗಳು ನಿಲ್ಲುವ 74 ಡಿಗ್ರಿಯ ತಾಣ ತಳಕ್ಕೆ ಅಂಟಿದಂತಿರುವುದರಿಂದ ಅಲ್ಲಿ ಜಾರುವಿಕೆ ಅಲ್ಪ, 93.5 ಡಿಗ್ರಿಯದರಲ್ಲಿ ಹೆಚ್ಚು. ಇದರ ಜೊತೆಗೆ ಸೂರ್ಯ ಚಂದ್ರರ ಸೆಳೆತ ಉಪಗ್ರಹದ ಕಕ್ಷೆಯನ್ನೇ ಉತ್ತರ-ದಕ್ಷಿಣವಾಗಿ ಓರೆಮಾಡುತ್ತ, ವರ್ಷಕ್ಕೆ ಒಂದು ಡಿಗ್ರಿಗಿಂತ ತುಸು ಕಡಿಮೆಯಷ್ಟು ಬಾಗಿಸುತ್ತದೆ.

ಹಾಗಾಗಿ ಉಪಗ್ರಹಕ್ಕೂ ಒಂದು ಗೆರೆ ಬೇಕು. ತನಗೆ ಗೊತ್ತುಮಾಡಿದ ರೇಖಾಂಶದಿಂದ ಅದು ಆಚೀಚೆ ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟೇ ಸರಿಯಬೇಕೆಂಬ ಕಟ್ಟಳೆ ಸಾಮಾನ್ಯ. ಆ ಎತ್ತರದಲ್ಲಿ ಈ ಅಂತರವೆಂದರೆ ಸುಮಾರು 150 ಕಿಲೋಮೀಟರ್ ಅಗಲದ ಟೇಪು. ಅಳತೆಗೆ ಅರಿಗಣ್ಣಿನ ಬದಲು ರೇಡಿಯೊ ಸಂಕೇತವಿದೆ: ಅದು ಮೇಲಕ್ಕೆ ಹೋಗಿ ಮರಳುವ ಸೆಕೆಂಡಿನ ಕಾಲುಭಾಗದಷ್ಟು ಹೊತ್ತನ್ನು ಅತಿ ನಿಖರವಾಗಿ ಅಳೆದು ದೂರವನ್ನು ಕಂಡುಹಿಡಿಯುತ್ತಾರೆ, ಅಂಥ ಅನೇಕ ಅಳತೆಗಳನ್ನು ಕಲೆಹಾಕಿ ಕಕ್ಷೆಯನ್ನು ಲೆಕ್ಕ ಹಾಕುತ್ತಾರೆ, ಅನಂತರ ಉಪಗ್ರಹದ ಸಣ್ಣ ರಾಕೆಟ್ ಮೂತಿಗಳನ್ನು ಸ್ವಲ್ಪ ಹೊತ್ತು ಉರಿಸಿ ತಳ್ಳುತ್ತಾರೆ. ಮುಂಗಾಣ್ಕೆಯ ವಿದ್ಯೆ ಇಲ್ಲಿ ಅದರ ಪೂರ್ಣ ರೂಪದಲ್ಲಿದೆ: ಪಶ್ಚಿಮಕ್ಕೆ ಜಾರುವ ಉಪಗ್ರಹವನ್ನು ನಡುವಿನವರೆಗೆ ಮಾತ್ರ ತಳ್ಳದೆ, ಪೂರ್ವದ ಅಂಚಿನವರೆಗೆ ಹೋಗಿ ಅಲ್ಲಿಂದ ತಾನಾಗಿ ಹಿಂದಕ್ಕೆ ಜಾರತೊಡಗುವಂತೆ ಅಳೆದು ತಳ್ಳಿದರೆ ಎರಡು ತಳ್ಳುಗಳ ನಡುವೆ ದೀರ್ಘ ಬಿಡುವು ಸಿಗುತ್ತದೆ. ಶಿಬಿರದ ಗಾಡಿಯ ತೂರಾಟ ದೋಷವಾದರೆ ಇಲ್ಲಿ ಅದು ಇಂಧನ ಉಳಿಸುವ ಉಪಾಯ.

ಶಿಬಿರದಲ್ಲಿ ಬ್ಯಾಟರಿ ಇಳಿದಂತೆ ಮೋಟಾರು ಮಂದವಾಗಿ, ಬೆಳಿಗ್ಗೆ ಹೊಂದಿಸಿದ ಅಂಕಿಗಳು ಸಂಜೆಗೆ ಒಗ್ಗದೆ ಹೋಗುತ್ತವೆ. ಉಪಗ್ರಹದಲ್ಲಿ ಇಂಧನ ಕರಗಿದಂತೆ ತೂಕ ಇಳಿದು, ಅಷ್ಟೇ ತಳ್ಳಿದರೂ ಹೆಚ್ಚು ಸರಿಯುತ್ತದೆ. ಪ್ರತಿ ಸಲವೂ ಲೆಕ್ಕ ಹೊಸದು. ಉತ್ತರ-ದಕ್ಷಿಣದ ಓರೆಯನ್ನು ತಿದ್ದುವುದಕ್ಕೆ ತಗಲುವ ಇಂಧನ ಪೂರ್ವ-ಪಶ್ಚಿಮದ್ದಕ್ಕಿಂತ ಹಲವು ಪಟ್ಟು ಹೆಚ್ಚಾದ್ದರಿಂದ, ಮುಪ್ಪಿಗೆ ಬಂದ ಉಪಗ್ರಹದಲ್ಲಿ ಆ ತಿದ್ದುಪಡಿಯನ್ನು ಮೊದಲು ನಿಲ್ಲಿಸುವ ಪದ್ಧತಿಯಿದೆ. ಆಗ ಅದು ನೆಲದಿಂದ ನೋಡುವವರಿಗೆ ದಿನಕ್ಕೊಮ್ಮೆ ಆಕಾಶದಲ್ಲಿ ಇಂಗ್ಲಿಷಿನ ಎಂಟರ ಅಂಕಿಯಂಥ ಕಿರಿದಾದ ಕುಣಿಕೆಯನ್ನು ಬರೆಯತೊಡಗುತ್ತದೆ, ವರ್ಷ ಕಳೆದಂತೆ ಆ ಕುಣಿಕೆ ಹಿಗ್ಗುತ್ತದೆ. ಉಪಗ್ರಹವನ್ನು ಗೆರೆಗೆ ತರುವ ಪ್ರಯತ್ನ ಅಲ್ಲಿಗೆ ಮುಗಿಯಿತು. ಈಗ ಕೆಳಗಿರುವ ಬೋಗುಣಿ ಆಂಟೆನಾ ಸಂಕೇತ ಎತ್ತ ಕುಗ್ಗಿತು, ಎತ್ತ ಹಿಗ್ಗಿತು ಎಂದು ಅಳೆಯುತ್ತ, ಗಂಟೆಗಂಟೆಗೂ ಕೂದಲೆಳೆಯಷ್ಟು ಕತ್ತು ಹೊರಳಿಸುತ್ತ, ಆ ಕುಣಿಕೆಯ ಬೆನ್ನು ಹಿಡಿಯುತ್ತದೆ.